ಶೋಲಾಕಿಳಿಯನ್ನು ತೋರಿಸುವ ಮನೆ: ದಕ್ಷಿಣ ಕೊಡಗಿನ ಒಂದು ಹೋಂಸ್ಟೇ ಮತ್ತು ಅದರ ಹಕ್ಕಿ ನಡಿಗೆ

ಈ ವಿಮರ್ಶೆಯಲ್ಲಿ ಹೋಂಸ್ಟೇಯ ಹೆಸರಿಲ್ಲ. ಹೆಸರಿಲ್ಲದ ವಿಮರ್ಶೆ ಯಾರಿಗೆ ಬೇಕು ಎಂದು ಓದುಗರು ಕೇಳಿದರೆ ಅದು ನ್ಯಾಯವೇ. ಆದರೆ ಆ ಮನೆಯವರು ನಮ್ಮನ್ನು ಕರೆದೊಯ್ದು ನಿಲ್ಲಿಸಿದ ಶೋಲಾ ಎಂಬ ಎತ್ತರದ ಬೆಟ್ಟದ ಕಾಡಿನ ಪಟ್ಟಿ ನಾಲ್ಕು ಗದ್ದೆಗಳ ಅಗಲವನ್ನು ಮೀರುವುದಿಲ್ಲ. ಅದರ ನಡುವೆ ಹರಿಯುವುದು ಒಂದೇ ತೊರೆ. ಆ ತೊರೆಯ ದಂಡೆಯಲ್ಲಿ ನಾವು ಕಂಡದ್ದು ಒಂದು ಹಕ್ಕಿ, ಕೇಳಿಸಿಕೊಂಡದ್ದು ಇನ್ನೊಂದರ ಸದ್ದು. ಹೆಸರು ಹೊರಬಿದ್ದರೆ ಮುಂದಿನ ಚಳಿಗಾಲದ ಹೊತ್ತಿಗೆ ಅಲ್ಲಿ ಹಕ್ಕಿಗಳಿಗಿಂತ ಕ್ಯಾಮೆರಾಗಳೇ ಹೆಚ್ಚಾದಾವು. ಮನೆಯ ಯಜಮಾನರೂ ಇದನ್ನೇ ಕೋರಿದ್ದರು, ಮತ್ತು ಬಿಲ್ ಪಾವತಿಸಿದ ಮೇಲೆ ಕೋರಿದ್ದರಿಂದ ಅದರಲ್ಲಿ ಲೆಕ್ಕಾಚಾರವೇನೂ ಇರಲಿಲ್ಲ ಎಂದು ನಾನು ನಂಬಿದ್ದೇನೆ. ಬ್ರಹ್ಮಗಿರಿ ಶ್ರೇಣಿಯ ಮಗ್ಗುಲಲ್ಲಿ, ಕಾಫಿ ತೋಟ ಮುಗಿದು ಬಾಣೆ ಜಮೀನು (ಗದ್ದೆಗಳಿಗೆ ಸೇರಿಕೊಂಡ ಮರಗಿಡಗಳ ಏರುನೆಲ) ಆರಂಭವಾಗುವ ಏರಿನಲ್ಲಿ ಆ ಮನೆಯಿದೆ ಎಂದಷ್ಟೇ ಹೇಳಬಲ್ಲೆ. ಹಕ್ಕಿ ತೋರಿಸುತ್ತೇವೆ ಎನ್ನುವ ಹೋಂಸ್ಟೇಗಳು ಕೊಡಗಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದರಿಂದ, ಅಂಥ ಸೇವೆಯನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದಕ್ಕೆ ಈ ಎರಡು ರಾತ್ರಿಗಳ ಅನುಭವ ಉಪಯೋಗಕ್ಕೆ ಬಂದೀತು.

ಮೊದಲು ಒಂದು ಹಳೆಯ ಕಹಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಸಲದ ಪ್ರಯಾಣಕ್ಕೆ ಅದೇ ಕಾರಣ. ಎರಡು ಚಳಿಗಾಲಗಳ ಹಿಂದೆ ಇದೇ ಜಿಲ್ಲೆಯ ಬೇರೊಂದು ವಸತಿಗೃಹದವರು ‘ಪಶ್ಚಿಮ ಘಟ್ಟದ ಅಪರೂಪದ ನೀಲಿ ರಾಬಿನ್’ ತೋರಿಸುವುದಾಗಿ ಹೇಳಿ ನನ್ನಿಂದ ಪ್ರತ್ಯೇಕ ಶುಲ್ಕ ಪಡೆದಿದ್ದರು. ಅಡುಗೆಮನೆಯ ಹಿಂದಿನ ಕಾಫಿ ಗಿಡಗಳ ಬುಡದಲ್ಲಿ ಕಾಲು ಗಂಟೆ ಕೂತ ಮೇಲೆ, ಬೆನ್ನು ನೀಲಿಯಾಗಿ, ಗಂಟಲಿನಿಂದ ಹೊಟ್ಟೆಯವರೆಗೆ ಕಿತ್ತಳೆ ಬಣ್ಣದ, ಕಣ್ಣಿನ ಮೇಲೆ ಉದ್ದವಾದ ಬಿಳಿ ಹುಬ್ಬಿನ ಚೆಲುವ ಹಕ್ಕಿಯೊಂದು ಹೊರಬಂದು, ಬಾಲವನ್ನು ಅದುರಿಸುತ್ತಾ ಹುಳು ಹೆಕ್ಕತೊಡಗಿತು. ಅದು ನೀಲಿ ರಾಬಿನ್ ಹೌದು. ಆದರೆ ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದವರೆಗೆ ಇಳಿದು ಬರುವ ಅತಿಥಿ. ನೆರಳಿರುವ ಕಾಫಿ ತೋಟದಲ್ಲಿ ಅದನ್ನು ನೋಡಲು ಶುಲ್ಕ ಬೇಕಿಲ್ಲ, ತಾಳ್ಮೆ ಸಾಕು. ಘಟ್ಟದ ಅಪರೂಪದ್ದು ಬೇರೆ: ಪುಸ್ತಕಗಳಲ್ಲಿ ನೀಲಗಿರಿ ನೀಲಿ ರಾಬಿನ್ ಎಂದೂ, ಈಚೆಗೆ ಹಕ್ಕಿ ನೋಡುವವರ ಬಾಯಲ್ಲಿ ಶೋಲಾಕಿಳಿ ಎಂದೂ ಕರೆಸಿಕೊಳ್ಳುವ ಹಕ್ಕಿ. ‘ಕಿಳಿ’ ಎಂದೊಡನೆ ನಮ್ಮವರಿಗೆ ಗಿಳಿ ನೆನಪಾಗುತ್ತದೆ; ಮಲಯಾಳದಲ್ಲಿ ಅದು ಹಕ್ಕಿಗೆ ಸಾಮಾನ್ಯ ಹೆಸರು. ಎರಡು ಹಕ್ಕಿಗಳ ಹೆಸರಿನಲ್ಲಿಯೂ ‘ನೀಲಿ ರಾಬಿನ್’ ಇರುವುದರಿಂದ ಅಂದು ನನಗೆ ಆದದ್ದು ಮೋಸವೋ ಅಜ್ಞಾನವೋ ಎಂದು ತೀರ್ಮಾನಿಸಲಾಗದೆ ಹಿಂದಿರುಗಿದ್ದೆ.

ಹಾಗಾಗಿ ಈ ಸಲ ಕೋಣೆ ಕಾಯ್ದಿರಿಸುವ ಮುನ್ನವೇ ಫೋನಿನಲ್ಲಿ, ನೀವು ತೋರಿಸುವ ನೀಲಿ ರಾಬಿನ್‌ನ ಗಂಟಲು ಯಾವ ಬಣ್ಣದ್ದು ಎಂದು ಕೇಳಿದೆ. ಆ ಕಡೆಯಿಂದ ಯಜಮಾನರು ಒಂದು ಕ್ಷಣ ಸುಮ್ಮನಿದ್ದು, “ಸರ್, ತೋಟದಲ್ಲಿ ಇರುವುದು ಕಿತ್ತಳೆ ಗಂಟಲಿನದು, ಅದು ಏಪ್ರಿಲ್ ಮುಗಿಯುವುದರೊಳಗೆ ಹೋಗಿಬಿಡುತ್ತದೆ. ಮೇಲೆ ಶೋಲಾದಲ್ಲಿ ಇರುವುದು ನೀಲಿ ಗಂಟಲಿನದು, ಅದು ಎಲ್ಲಿಗೂ ಹೋಗುವುದಿಲ್ಲ. ನಿಮಗೆ ಯಾವುದು ಬೇಕು?” ಎಂದರು. ಮುಂಗಡವನ್ನು ಅಂದೇ ಕಳುಹಿಸಿದೆ. ಇಂಥ ಸೇವೆಯನ್ನು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಈಗ ಅನ್ನಿಸಿದೆ. ಕೋಣೆಯ ಚಿತ್ರಗಳನ್ನು ಆಮೇಲೆ ನೋಡಬಹುದು.

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಇನ್ನೂ ಎರಡು ವಾರ ಇರುವಾಗ, ಗದ್ದೆಗಳಲ್ಲಿ ಭತ್ತ ಹಳದಿಗೆ ತಿರುಗಿದ್ದ ದಿನಗಳಲ್ಲಿ, ಛಾಯಾಗ್ರಹಣದ ಹುಚ್ಚಿರುವ ಗೆಳೆಯರೊಬ್ಬರೊಂದಿಗೆ ನಾನು ಅಲ್ಲಿಗೆ ಹೋದೆ. ಮನೆ ಹೊಸದಾಗಿ ಕಟ್ಟಿದ್ದು, ಹಂಚಿನ ಮಾಡು, ಮುಂದೆ ಜಗಲಿ. ಕೋಣೆಗಳು ಚೊಕ್ಕಟವಾಗಿವೆ, ಬಿಸಿನೀರು ಬರುತ್ತದೆ, ಕಂಬಳಿಗಳಿಗೆ ಮಳೆಗಾಲದ ಮುಗ್ಗಲು ವಾಸನೆ ಇನ್ನೂ ಅಂಟಿಕೊಂಡಿತ್ತು. ಊಟದ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ: ಕಡುಂಬಿಟ್ಟು, ಪಂದಿ ಕರಿ, ನನ್ನಂಥ ಸಸ್ಯಾಹಾರಿಗೆ ನೂಲ್‌ಪುಟ್ಟು ಮತ್ತು ಕುಂಬಳಕಾಯಿ ಕರಿ, ಎಲ್ಲವೂ ಮನೆಯವರು ತಾವು ಉಣ್ಣುವಂತೆಯೇ ಮಾಡಿದ್ದು. ನನ್ನ ಗೆಳೆಯರು ಪಂದಿ ಕರಿಗೆ ಹಾಕುವ ಹುಳಿ ಕಾಚಂಪುಳಿಯ ಹದವನ್ನು ಎರಡು ದಿನವೂ ಹೊಗಳಿದರು.

ಸೇವೆಯ ನಿಜವಾದ ತೂಕ ತಿಳಿಯುವುದು ಮೊದಲ ಸಂಜೆ. ಮಾರ್ಗದರ್ಶಕ ಅದೇ ಊರಿನ ಯುವಕ. ಮುಂಜಾನೆಯ ನಡಿಗೆಗೆ ಮುನ್ನ ಜಗಲಿಯಲ್ಲಿ ಅರ್ಧ ಗಂಟೆ ಕೂತು, ನಾವು ಏನನ್ನು ನೋಡಲು ಹೋಗುತ್ತಿದ್ದೇವೆ ಎಂಬುದನ್ನು ವಿವರಿಸುವುದು ಅವನ ಪದ್ಧತಿ. ಶೋಲಾ ಎಂದರೆ ಎತ್ತರದ ಬೆಟ್ಟಗಳಲ್ಲಿ, ಹುಲ್ಲುಗಾವಲಿನ ನಡುವಿನ ಕಣಿವೆ ಮಡಿಲುಗಳಲ್ಲಿ ನೀರಿನ ಗೆರೆಗೆ ಅಂಟಿಕೊಂಡು ಬೆಳೆದಿರುವ ಗಿಡ್ಡ ನಿತ್ಯಹರಿದ್ವರ್ಣದ ಕಾಡು. ಒಂದು ಶೋಲಾದಿಂದ ಇನ್ನೊಂದಕ್ಕೆ ನಡುವೆ ಬಯಲಾದ ಹುಲ್ಲು, ಒಂದು ಬೆಟ್ಟದಿಂದ ಇನ್ನೊಂದಕ್ಕೆ ನಡುವೆ ಬಿಸಿಯಾದ ತಗ್ಗು ನಾಡು. ರೆಕ್ಕೆ ಚಿಕ್ಕದು, ಕಾಲು ಉದ್ದ, ಬದುಕೆಲ್ಲ ನೆಲಕ್ಕೆ ಹತ್ತಿರವೇ ಕಳೆಯುವ ಈ ಹಕ್ಕಿಗೆ ಆ ಅಂತರಗಳನ್ನು ದಾಟುವುದು ಸುಲಭವಲ್ಲ. ಆದ್ದರಿಂದಲೇ ನೀಲಗಿರಿ, ಬಾಣಾಸುರ, ಬ್ರಹ್ಮಗಿರಿ, ಬಾಬಾಬುಡನ್ ಗಿರಿಗಳಲ್ಲಿ ಇರುವ ಇದರ ಸಮುದಾಯಗಳು ಸಮುದ್ರದ ದ್ವೀಪಗಳಂತೆ ಬಿಡಿಬಿಡಿಯಾಗಿವೆ, ಮತ್ತು ಪಾಲ್ಘಾಟ್ ಕಣಿವೆಯ ದಕ್ಷಿಣಕ್ಕೆ ಇರುವ ಬಿಳಿಹೊಟ್ಟೆಯ ನೆಂಟ ಬೇರೆಯೇ ಪ್ರಭೇದ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ ಶೋಲಾಕಿಳಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ ಮೇಲೆ ವರ್ಗೀಕರಣಕಾರರು ಇದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತಲೇ ಇದ್ದರು. ಒಮ್ಮೆ ಗಿಡ್ಡರೆಕ್ಕೆಯ ಹಕ್ಕಿಗಳ ಜೊತೆ, ಒಮ್ಮೆ ಏಷ್ಯಾದ ಇತರ ರಾಬಿನ್‌ಗಳ ಜೊತೆ ಇರಿಸಿದ್ದಾಯಿತು. ಕೊನೆಗೆ 2017ರಲ್ಲಿ ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಪರಿಶೀಲಿಸಿ, ಇದು ಆ ಯಾವ ಗುಂಪಿಗೂ ಸೇರದೆ ನೊಣಹಿಡುಕಗಳ ಬಳಗಕ್ಕೆ ಹತ್ತಿರದ್ದೆಂದು ತೋರಿಸಿ, ‘ಶೋಲಾದಲ್ಲಿ ವಾಸಿಸುವುದು’ ಎಂಬ ಅರ್ಥದಲ್ಲಿ ಶೋಲಿಕೋಲಾ ಎಂಬ ಹೊಸ ಕುಲವನ್ನೇ ಕೊಟ್ಟರು. ರಾಬಿನ್ ಅಲ್ಲದ ಹಕ್ಕಿಗೆ ರಾಬಿನ್ ಎಂಬವರೇ ಹೊಸ ಹೆಸರು ಕೊಟ್ಟರು ಎಂದು ಆ ಯುವಕ ನಕ್ಕು ಹೇಳಿದ. ಈ ಮಾತನ್ನು ಅವನು ಬಂದವರಿಗೆಲ್ಲ ಹೇಳುತ್ತಾನೆಂಬುದು ಸ್ಪಷ್ಟವಿತ್ತು, ಆದರೂ ಚೆನ್ನಾಗಿತ್ತು. ಅಳಿವಿನಂಚಿನ ಪಟ್ಟಿಯಲ್ಲಿರುವ ಹಕ್ಕಿಯಿದು ಎಂಬುದನ್ನು ಮಾತ್ರ ಅವನು ನಗದೆ ಹೇಳಿದ.

ಮೊದಲ ಮುಂಜಾನೆ ವಿಫಲವಾಯಿತು, ಮತ್ತು ಅದರ ಹೊಣೆಯಲ್ಲಿ ಅರ್ಧದಷ್ಟು ಸೇವೆಯದೇ. ಐದೂವರೆಗೆ ಹೊರಡುವುದೆಂದು ಮಾತಾಗಿತ್ತು. ಜೀಪು ಅಂಗಳಕ್ಕೆ ಬಂದಾಗ ಆರು ಗಂಟೆ ಹತ್ತು ನಿಮಿಷ. ತೋಟದ ರಸ್ತೆಯಲ್ಲಿ ಆನೆಗಳಿವೆಯೆಂದು ಊರಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದದ್ದರಿಂದ ಕಾಯಬೇಕಾಯಿತು ಎಂದು ಕಾರಣ ಹೇಳಿದರು. ಕೊಡಗಿನಲ್ಲಿ ಕತ್ತಲೆಯಿರುವಾಗ ತೋಟದ ದಾರಿಯಲ್ಲಿ ನಡೆಯುವುದು ಎಷ್ಟು ಅಪಾಯಕಾರಿ ಎಂಬುದು ನನಗೆ ತಿಳಿದಿರುವುದರಿಂದ ಆ ಕಾರಣವನ್ನು ನಾನು ಒಪ್ಪಿದೆ. ಆದರೆ ಕಾಯುತ್ತಿದ್ದೇವೆ ಎಂಬ ಒಂದು ಮಾತನ್ನು ಜಗಲಿಯಲ್ಲಿ ಚಳಿಗೆ ನಡುಗುತ್ತಾ ಕೂತಿದ್ದ ನಮಗೆ ಹೇಳಬಹುದಿತ್ತು. ನಾವು ಕಾಡಿನ ಅಂಚು ಮುಟ್ಟುವಷ್ಟರಲ್ಲಿ ಬಿಸಿಲು ಹುಲ್ಲಿನ ಮೇಲೆ ಬಿದ್ದಿತ್ತು. ಮಲಬಾರಿನ ಸಿಳ್ಳೆಹಕ್ಕಿ ತೊರೆಯ ಬಂಡೆಯ ಮೇಲೆ ಶಾಲೆ ತಪ್ಪಿಸಿಕೊಂಡ ಹುಡುಗನಂತೆ ದಿಕ್ಕಿಲ್ಲದ ರಾಗ ಎಳೆಯುತ್ತಿತ್ತು, ಬಿಳಿಹೊಟ್ಟೆಯ ನೀಲಿ ನೊಣಹಿಡುಕದ ಗಂಡೊಂದು ಬೆತ್ತದ ಪೊದೆಯಲ್ಲಿ ಹತ್ತು ನಿಮಿಷ ನಮಗಾಗಿಯೇ ಕೂತಂತಿತ್ತು. ಅದೂ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಹಕ್ಕಿ, ಅದೂ ನೀಲಿ. ಮಾರ್ಗದರ್ಶಕ ಬಯಸಿದ್ದರೆ ಅದನ್ನೇ ತೋರಿಸಿ ನಮ್ಮನ್ನು ಹಿಂದಕ್ಕೆ ಕರೆದೊಯ್ಯಬಹುದಿತ್ತು, ಹಳೆಯ ವಸತಿಗೃಹದವರಾಗಿದ್ದರೆ ಖಂಡಿತ ಹಾಗೆಯೇ ಮಾಡುತ್ತಿದ್ದರು. ಅವನು ಹಾಗೆ ಮಾಡದೆ, ಇದು ಅದಲ್ಲ, ಇವತ್ತು ಸಿಗಲಿಲ್ಲ ಎಂದು ನೇರವಾಗಿ ಹೇಳಿದ.

ಅಂದು ಬೆಳಿಗ್ಗೆಯೇ ನನ್ನ ಗೆಳೆಯರಿಗೂ ಅವನಿಗೂ ಸಣ್ಣ ಜಟಾಪಟಿಯಾಯಿತು. ಮೊಬೈಲಿನಲ್ಲಿರುವ ಧ್ವನಿಮುದ್ರಣವನ್ನು ಹಾಕಿದರೆ ಹಕ್ಕಿ ಎದುರಾಳಿ ಬಂದಿದೆಯೆಂದು ಭಾವಿಸಿ ಹೊರಬರುತ್ತದೆ, ಐದು ನಿಮಿಷದಲ್ಲಿ ಚಿತ್ರ ಸಿಗುತ್ತದೆ ಎಂಬುದು ಗೆಳೆಯರ ವಾದ. ಯುವಕ ಒಪ್ಪಲಿಲ್ಲ. “ಸರ್, ನೀವು ಒಂದು ಸಲ ಹಾಕುತ್ತೀರಿ. ವಾರಕ್ಕೆ ನಾಲ್ಕು ಗುಂಪು ಬರುತ್ತವೆ. ಅದು ದಿನಾ ಇಲ್ಲದ ಕಳ್ಳನನ್ನು ಹುಡುಕುತ್ತಾ ಓಡಾಡಿದರೆ ಹುಳು ಹಿಡಿಯುವುದು ಯಾವಾಗ?” ಎಂದ. ನನ್ನ ದೃಷ್ಟಿಯಲ್ಲಿ ಇಡೀ ಸೇವೆಯ ಬೆಲೆ ಈ ನಿರಾಕರಣೆಯಲ್ಲಿದೆ. ಗಿರಾಕಿ ಹಣ ಕೊಟ್ಟಿದ್ದಾನೆಂಬ ಕಾರಣಕ್ಕೆ ಮಣಿಯದ ಮಾರ್ಗದರ್ಶಕ ಇನ್ನೂ ಹತ್ತು ವರ್ಷ ಅದೇ ತೊರೆಯಲ್ಲಿ ಅದೇ ಹಕ್ಕಿಯನ್ನು ತೋರಿಸಬಲ್ಲ. ಮಣಿಯುವವನು ಎರಡು ವರ್ಷ ತೋರಿಸಬಹುದು. ಗೆಳೆಯರು ಇದನ್ನು ಒಪ್ಪುವುದಿಲ್ಲ, ಮತ್ತು ಅವರು ಈ ಮನೆಗೆ ಐದರಲ್ಲಿ ಎರಡೇ ನಕ್ಷತ್ರ ಕೊಟ್ಟಿದ್ದಾರೆಂಬುದನ್ನು ನ್ಯಾಯದ ದೃಷ್ಟಿಯಿಂದ ಇಲ್ಲಿ ದಾಖಲಿಸುತ್ತೇನೆ.

ಎರಡನೆಯ ಮುಂಜಾನೆ ಜೀಪು ಐದೂಕಾಲಿಗೇ ಬಂತು. ಬೆಳಕು ಹರಿಯುವ ಮೊದಲೇ ಕಾಡಿನ ಒಳಗಿದ್ದೆವು. ಶೋಲಾದ ಒಳಗಿನ ಕತ್ತಲೆ ಹೊರಗಿನ ಕತ್ತಲೆಯಲ್ಲ. ಹೊರಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿ ಬಹಳ ಹೊತ್ತಾದ ಮೇಲೂ ಒಳಗೆ ನಮ್ಮ ಕೈ ನಮಗೇ ಸರಿಯಾಗಿ ಕಾಣುವುದಿಲ್ಲ. ಕುರಿಂಜಿ ಜಾತಿಯ ಪೊದೆಗಳ ನಡುವೆ, ಪಾಚಿ ಹಿಡಿದ ಬೊಡ್ಡೆಯೊಂದಕ್ಕೆ ಒರಗಿ, ತೊರೆಯ ಆಚೆ ದಂಡೆಯ ತರಗೆಲೆಯ ಹಾಸಿಗೆ ಕಾಣುವಂತೆ ನಮ್ಮನ್ನು ಕೂರಿಸಿದ ಯುವಕ, ಇನ್ನು ಎದ್ದೇಳಬಾರದು, ಜಿಗಣೆ ಹತ್ತಿದರೂ ಕೈ ಬೀಸಬಾರದು ಎಂದ. ನವೆಂಬರಿನಲ್ಲಿಯೂ ಜಿಗಣೆಗಳಿದ್ದವು, ಮನೆಯವರು ಕೊಟ್ಟ ದಪ್ಪ ಬಟ್ಟೆಯ ಉದ್ದ ಕಾಲುಚೀಲಗಳು ತಮ್ಮ ಕೆಲಸ ಮಾಡಿದವು, ಕುತ್ತಿಗೆಗೆ ಹತ್ತಿದ ಒಂದಕ್ಕೆ ಅವು ಹೊಣೆಯಲ್ಲ.

ನಲವತ್ತು ನಿಮಿಷ ಏನೂ ಇಲ್ಲ. ಆಮೇಲೆ ಎಡಗಡೆಯಿಂದ ತೆಳುವಾದ, ಬಹಳ ಎತ್ತರದ ಸಿಳ್ಳೊಂದು ಬಂತು. ತೊರೆಯ ಸದ್ದಿನ ಮೇಲೆ ತೇಲಿದಂತೆ ಕೇಳಿಸಿ ನಿಂತಿತು. ಯುವಕ ಎರಡು ಬೆರಳೆತ್ತಿ ಸನ್ನೆ ಮಾಡಿದ. ಕೆಲವು ನಿಮಿಷಗಳ ಅನಂತರ ಬಲಗಡೆಯ ಬೇರಿನ ಕೆಳಗೆ ತರಗೆಲೆಯೊಂದು ತಾನೇ ತಾನಾಗಿ ಮಗುಚಿತು. ಅದರ ಹಿಂದೆ ಇದ್ದದ್ದು ಹಕ್ಕಿ. ಅದು ಎರಡು ಹೆಜ್ಜೆ ಕುಪ್ಪಳಿಸಿ, ನಿಂತು, ತಲೆಯನ್ನು ಓರೆ ಮಾಡಿ ನೆಲವನ್ನು ದಿಟ್ಟಿಸಿ, ಎಲೆಯನ್ನು ಕೊಕ್ಕಿನಿಂದ ಪಕ್ಕಕ್ಕೆ ಎಸೆದು, ಏನನ್ನೋ ಹಿಡಿದು ನುಂಗಿ, ಮತ್ತೆ ಎರಡು ಹೆಜ್ಜೆ ಮುಂದೆ ಬಂತು. ಸುಮಾರು 15 ಸೆಂಟಿಮೀಟರ್ ಉದ್ದದ ಪ್ರಾಣಿ. ಮೊದಲ ನೋಟಕ್ಕೆ ಕಪ್ಪು, ದುರ್ಬೀನಿನಲ್ಲಿ ಮಾತ್ರ ಸ್ಲೇಟಿನ ನೀಲಿ. ಗಂಟಲು ನೀಲಿ, ಎದೆ ನೀಲಿ. ನಾನು ಎರಡು ವರ್ಷದಿಂದ ನೋಡಲು ಕಾದಿದ್ದ ಬಣ್ಣ ಇದೇ. ಪಕ್ಕೆಗಳಲ್ಲಿ ಮಾತ್ರ ಇಟ್ಟಿಗೆಯ ಕೆಂಪು, ಹೊಟ್ಟೆಯ ನಡುವೆ ಮಾಸಲು ಬಿಳಿ, ಕಣ್ಣಿನ ಮುಂದೆ ಕಪ್ಪು, ಅದರ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಕಿರಿದಾದ ತಿಳಿ ಗೆರೆ. ಗಂಡು ಹೆಣ್ಣು ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಅದು ಯಾವುದೆಂದು ನಾವು ಕೇಳಲಿಲ್ಲ. ಕಾಲುಗಳು ಆ ದೇಹಕ್ಕೆ ಉದ್ದವೆನ್ನಿಸುವಂಥವು, ಬಾಲ ಮೊಟಕು. ಒಟ್ಟು ಏಳು ನಿಮಿಷ ನಮ್ಮ ಮುಂದಿತ್ತು. ತೊರೆಯ ದಂಡೆಯಲ್ಲಿ ಒಂದೊಂದೇ ಎಲೆ ಮಗುಚುತ್ತಾ ಅದು ಸಾಗಿದ ರೀತಿಯನ್ನು ನೋಡಿದರೆ, ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ತಾಳೆ ನೋಡುವ ಗುಮಾಸ್ತರ ನೆನಪಾಗುತ್ತದೆ. ನನ್ನ ಜೀವಮಾನದ ಬಹುಭಾಗ ಅಂಥ ಕಚೇರಿಯೊಂದರಲ್ಲಿ ಕಳೆದದ್ದರಿಂದ ಹೋಲಿಕೆ ಬೇಗ ಹೊಳೆದಿರಬೇಕು.

ಗೆಳೆಯರಿಗೆ ಸಿಕ್ಕ ಚಿತ್ರಗಳೆಲ್ಲ ಅಲುಗಿದವು. ಅಂಥ ಬೆಳಕಿನಲ್ಲಿ ಅವರ ಕ್ಯಾಮೆರಾ ಅಗಲವಾದ ಮಸೂರವಿದ್ದೂ ಕೈಚೆಲ್ಲಿತು, ಫ್ಲ್ಯಾಶ್ ಹಾಕಲು ಯುವಕ ಬಿಡಲಿಲ್ಲ, ಮುಕ್ಕಾಲಿಯನ್ನು ಅವರು ಕೋಣೆಯಲ್ಲಿ ಬಿಟ್ಟು ಬಂದಿದ್ದರು. ಚಿತ್ರವೇ ಬೇಕೆನ್ನುವವರು ಮುಕ್ಕಾಲಿ ತರಬೇಕು ಎಂಬುದನ್ನು ಮನೆಯವರು ಮೊದಲೇ ತಿಳಿಸಿದ್ದರೆ ಒಳ್ಳೆಯದಿತ್ತು. ದುರ್ಬೀನಿನ ವಿಷಯದಲ್ಲಿಯೂ ಒಂದು ದೂರಿದೆ. ಮನೆಯವರು ಬಾಡಿಗೆಯಿಲ್ಲದೆ ಕೊಡುವ ಎರಡು ದುರ್ಬೀನುಗಳ ಪೈಕಿ ಒಂದರ ಮಸೂರದ ಒಳಗೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಹರಡಿತ್ತು. ಮೂರು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಇದು ಆಶ್ಚರ್ಯವಲ್ಲ, ಆದರೆ ಅಕ್ಕಿ ಡಬ್ಬಿಯಷ್ಟು ಗಾಳಿಯಾಡದ ಡಬ್ಬಿಯೊಂದು, ಅದರೊಳಗೆ ತೇವ ಹೀರುವ ನಾಲ್ಕು ಸಿಲಿಕಾ ಪೊಟ್ಟಣ ಇದ್ದರೆ ಉಳಿಯುತ್ತಿದ್ದ ಸಾಮಾನು. ಸ್ವಂತದ್ದು ಇರುವವರು ಒಯ್ಯುವುದೇ ಲೇಸು. ಅದೂ ಹತ್ತು ಪಟ್ಟು ಹಿಗ್ಗಿಸುವುದಕ್ಕಿಂತ 8x42 ಅಳತೆಯದು (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ್ದು) ಈ ಕಾಡಿಗೆ ಹೊಂದುತ್ತದೆ, ಏಕೆಂದರೆ ಇಲ್ಲಿ ಹಕ್ಕಿ ದೂರದಲ್ಲಿರುವುದಿಲ್ಲ, ಕತ್ತಲೆಯಲ್ಲಿರುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ದೀಪದ್ದು. ಮನೆಯ ಹಿಂಬದಿಯಲ್ಲಿ, ಬಾಣೆಯ ಕಡೆಗೆ ಮುಖಮಾಡಿ, ಆನೆಗಳು ಬಂದರೆ ಕಾಣಲೆಂದು ಎರಡು ಬಿಳಿ ಎಲ್‌ಇಡಿ ಫ್ಲಡ್‌ಲೈಟುಗಳನ್ನು ರಾತ್ರಿಯಿಡೀ ಉರಿಸುತ್ತಾರೆ. ಬೆಳಿಗ್ಗೆ ಆ ಗೋಡೆಯ ಬುಡದಲ್ಲಿ ಸತ್ತ ಪತಂಗಗಳನ್ನೂ ಜೀರುಂಡೆಗಳನ್ನೂ ಆ ಮನೆಯ ಅಕ್ಕ ಪೊರಕೆಯಿಂದ ಗುಡಿಸಿ ಮೊರದಲ್ಲಿ ತುಂಬುತ್ತಿದ್ದರು. ಹುಳು ತಿಂದು ಬದುಕುವ ಹಕ್ಕಿಯ ಹೆಸರಿನಲ್ಲಿ ನಡೆಯುವ ಮನೆಯಲ್ಲಿ ಒಂದೊಂದು ರಾತ್ರಿಗೆ ಒಂದೊಂದು ಮೊರ ಹುಳು ಸಾಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಶೋಲಾ ಅಲ್ಲಿಂದ ಮೇಲಕ್ಕೆ ದೂರವಿದೆ, ಅಲ್ಲಿಯ ಹುಳುಗಳಿಗೆ ಈ ದೀಪ ತಟ್ಟುವುದಿಲ್ಲ ಎಂದು ಯಜಮಾನರು ವಾದಿಸಿದರು. ಆದರೆ ಅವರ ತೋಟದ ಕಿತ್ತಳೆ ಗಂಟಲಿನ ಅತಿಥಿಯೂ ಹುಳುಗಳನ್ನೇ ನಂಬಿ ಹಿಮಾಲಯದಿಂದ ಬಂದದ್ದಲ್ಲವೇ ಎಂದಾಗ ಸುಮ್ಮನಾದರು. ಹಳದಿ ಬಣ್ಣದ, ಯಾರಾದರೂ ಸುಳಿದಾಗ ಮಾತ್ರ ಹೊತ್ತುವ ದೀಪಗಳು ವಿರಾಜಪೇಟೆಯ ಅಂಗಡಿಗಳಲ್ಲಿ ಸಿಗುತ್ತವೆ ಎಂದು ಹೇಳಿ ಬಂದಿದ್ದೇನೆ.

ಖರ್ಚಿನ ಲೆಕ್ಕ ಹೀಗಿದೆ. ಊಟ, ತಿಂಡಿ ಸೇರಿ ಒಬ್ಬರಿಗೆ ರಾತ್ರಿಯೊಂದಕ್ಕೆ ₹2,800. ಮಾರ್ಗದರ್ಶಕನಿಗೆ ಒಂದು ಬೆಳಿಗ್ಗೆಗೆ, ಗುಂಪಿನಲ್ಲಿ ನಾಲ್ವರವರೆಗೆ, ₹1,500. ಜೀಪಿಗೆ ಪ್ರತಿ ಸಲಕ್ಕೆ ₹900 ಬೇರೆ ಎಂಬುದು ನಮಗೆ ತಿಳಿದದ್ದು ಕೊನೆಯ ದಿನ ಬಿಲ್ ಕೈಗೆ ಬಂದಾಗ. ಮೊತ್ತ ದೊಡ್ಡದಲ್ಲ, ಬೆಟ್ಟದ ದಾರಿಗೆ ನ್ಯಾಯವಾದದ್ದೇ. ಹೇಳದೆ ಉಳಿಸಿದ್ದು ಸರಿಯಲ್ಲ. ಮಾರ್ಗದರ್ಶಕನ ಶುಲ್ಕ ಪೂರ್ತಿಯಾಗಿ ಅವನಿಗೇ ಹೋಗುತ್ತದೆಯೇ ಎಂದು ಕೇಳಿದೆ, ಹೋಗುತ್ತದೆ ಎಂದು ಅವನೇ ಹೇಳಿದ. ಬೆಳಗಿನ ನಡಿಗೆಗೆ ಕಟ್ಟಿಕೊಟ್ಟ ಬುತ್ತಿ ಎರಡು ದಿನವೂ ಬ್ರೆಡ್ಡು ಮತ್ತು ಜಾಮ್ ಆಗಿತ್ತು. ಅಕ್ಕಿ ರೊಟ್ಟಿಯನ್ನು ಅಷ್ಟು ಚೆನ್ನಾಗಿ ತಟ್ಟುವ ಮನೆಯಿಂದ ಕಾಡಿಗೆ ಬ್ರೆಡ್ಡು ಹೊತ್ತುಕೊಂಡು ಹೋಗಬೇಕಾದದ್ದು ಬೇಸರ.

ಮಕ್ಕಳನ್ನು ಕರೆದುಕೊಂಡು, ರಾತ್ರಿ ಬೆಂಕಿ ಹಾಕಿ ಹಾಡು ಕೇಳಲು ಹೋಗುವವರಿಗೆ ಈ ಮನೆ ಹೇಳಿ ಮಾಡಿಸಿದ್ದಲ್ಲ. ರಾತ್ರಿ ಒಂಬತ್ತರ ಮೇಲೆ ಇಲ್ಲಿ ಸದ್ದು ಮಾಡಗೊಡುವುದಿಲ್ಲ. ಮೊಣಕಾಲು ನೋವಿರುವವರಿಗೂ ಕಷ್ಟ: ಜೀಪು ನಿಂತ ಮೇಲೆ ಹುಲ್ಲಿನ ಏರಿನಲ್ಲಿ ಮುಕ್ಕಾಲು ಗಂಟೆ ಹತ್ತಬೇಕು, ಬೆಳಗಿನ ಇಬ್ಬನಿಯಲ್ಲಿ ಕಾಲು ಜಾರುತ್ತದೆ. ಒಂದು ಬೆಳಿಗ್ಗೆಗೆಂದು ಹೋಗುವವರು ಹಕ್ಕಿ ಕಾಣದೆ ಹಿಂದಿರುಗುವ ಸಾಧ್ಯತೆಯೇ ಹೆಚ್ಚು, ಮತ್ತು ಕಾಣದಿದ್ದರೆ ಹಣ ವಾಪಸು ಎಂಬ ಭರವಸೆ ಇಲ್ಲಿ ಇಲ್ಲ. ಅಂಥ ಭರವಸೆ ಕೊಡುವ ಮನೆಗಳು ಮೊಬೈಲಿನ ಸದ್ದನ್ನು ನೆಚ್ಚಿಕೊಂಡಿರುತ್ತವೆ ಎಂಬುದು ನನ್ನ ಅನುಮಾನ. ಕನಿಷ್ಠ ಎರಡು ಮುಂಜಾನೆ ಇಟ್ಟುಕೊಳ್ಳಬೇಕು, ಮೂರಾದರೆ ಒಳ್ಳೆಯದು.

ನನ್ನ ಅಂಕ ಐದರಲ್ಲಿ ನಾಲ್ಕು. ಕಳೆದುಕೊಂಡ ಒಂದರಲ್ಲಿ ಅರ್ಧ ದೀಪಕ್ಕೆ, ಉಳಿದರ್ಧ ಜೀಪಿನ ಬಿಲ್ಲಿಗೂ ದುರ್ಬೀನಿಗೂ ಹಂಚಿಹೋಗುತ್ತದೆ. ನಾವು ಮರಳಿ ಹತ್ತು ದಿನಗಳಾದ ಮೇಲೆ ಯಜಮಾನರಿಂದ ಒಂದು ಚಿತ್ರ ಬಂತು: ಹಿಂಬದಿಯ ಗೋಡೆಯಲ್ಲಿ ಎರಡರ ಪೈಕಿ ಒಂದು ದೀಪವನ್ನು ಕಳಚಿ, ಅದರ ಜಾಗದಲ್ಲಿ ಹಳದಿಯದನ್ನು ಹಾಕಿದ್ದರು, ಇನ್ನೊಂದನ್ನು ಆನೆಗಳ ಕಾಲ ಮುಗಿದ ಮೇಲೆ ನೋಡೋಣ ಎಂದು ಕೆಳಗೆ ಬರೆದಿದ್ದರು. ಗೆಳೆಯರು ಎರಡು ನಕ್ಷತ್ರದ ತಮ್ಮ ತೀರ್ಪನ್ನು ಬದಲಿಸಿಲ್ಲ, ಆದರೆ ಮೊನ್ನೆ ಫೋನು ಮಾಡಿ, ಮುಂದಿನ ಸಲ ಹೋಗುವಾಗ ಮುಕ್ಕಾಲಿಯನ್ನು ಜೀಪಿನಲ್ಲಿ ಎಲ್ಲಿ ಇಡಬಹುದು ಎಂದು ವಿಚಾರಿಸಿದರು.